ಇಟ್ಟಿಗೆ ಸಂದಿನ ಜಿಗಿಹುಳು

ಅಕ್ಕಿಕಾಳನ್ನು ಅರ್ಧಕ್ಕೆ ಮುರಿದರೆ ಎಷ್ಟಾಗುತ್ತದೋ ಅಷ್ಟೇ ಇರುವ ಒಂದು ಹುಳುವನ್ನು ನೋಡಿ, ಇದು ಇಂಥದ್ದು ಎಂದು ಹೇಳುವುದು ನನ್ನ ಕೆಲಸ. ಇಷ್ಟು ವರ್ಷ ಸರ್ಕಾರ ಸಂಬಳ ಕೊಟ್ಟು ನನ್ನನ್ನು ಸಾಕಿದ್ದು ಇದಕ್ಕಾಗಿಯೇ. ಎಲೆಯ ರಸ ಹೀರಿ ಬದುಕುವ, ಬೆರಳು ಚಾಚಿದರೆ ಚಂಗನೆ ನೆಗೆದು ಮಾಯವಾಗುವ ಜಿಗಿಹುಳುಗಳು ನನ್ನ ಪಾಲಿಗೆ ಬಂದವು. ಚಿಟ್ಟೆ ಪಾಲಿಗೆ ಬಂದವರು ಬಣ್ಣದ ಪುಸ್ತಕ ಮಾಡಿದರು, ಜೇನು ಪಾಲಿಗೆ ಬಂದವರು ಊರೂರು ತಿರುಗಿ ಭಾಷಣ ಮಾಡಿದರು. ನಾನು ಕತ್ತುನೋವು ಮಾಡಿಕೊಂಡೆ.

ನನ್ನ ಕೋಣೆ ಎರಡನೇ ಮಹಡಿಯ ತುದಿಯಲ್ಲಿದೆ. ಮೈಕ್ರೋಸ್ಕೋಪು, ಸ್ಪಿರಿಟ್ ಸೀಸೆಗಳ ಕಪಾಟು, ಗುಂಡುಸೂಜಿ ಚುಚ್ಚಿದ ಹಳೆಯ ಹುಳುಗಳ ಪೆಟ್ಟಿಗೆಗಳು, ಎರಡು ಮೇಜು, ಎರಡು ಕುರ್ಚಿ. ಇನ್ನೊಂದು ಕುರ್ಚಿಯವರು ನಿವೃತ್ತರಾಗಿ ಹೋದ ಮೇಲೆ ಅಲ್ಲಿಗೆ ಯಾರೂ ಬರಲಿಲ್ಲ. ಬರುತ್ತಾರೆ ಬರುತ್ತಾರೆ ಎಂದು ಹೇಳುತ್ತಿದ್ದವರೂ ಈಗ ಸುಮ್ಮನಾಗಿದ್ದಾರೆ. ನನ್ನ ಬಲಗಣ್ಣಿಗೆ ಪೊರೆ ಬರುತ್ತಿದೆ, ಎಡಗಣ್ಣಿನಲ್ಲಿ ಕಾಲ ತಳ್ಳುತ್ತಿದ್ದೇನೆ. ಎಡಗಣ್ಣು ಚೆನ್ನಾಗಿಯೇ ಇದೆ, ಆದರೆ ಎರಡರ ಕೆಲಸ ಒಂದೇ ಮಾಡುವುದರಿಂದ ಮಧ್ಯಾಹ್ನದ ಹೊತ್ತಿಗೆ ಅದೂ ಕೈಚೆಲ್ಲುತ್ತದೆ. ಸಾಕಪ್ಪಾ ಸಾಕು ಎಂದು ನಾನು ದಿನಕ್ಕೊಮ್ಮೆ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತೇನೆ. ಕೇಳಲು ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಗುರುತಿಸಲು ಬರುವ ಸೀಸೆಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು, ಯಾವುದರಿಂದ ಹಿಡಿದದ್ದು ಎಂಬುದು ಇರುತ್ತದೆ. ಯಾರ ತೋಟದ ಹುಳು ಎಂದು ನಮಗೆ ಗೊತ್ತಾಗಬಾರದೆಂಬುದು ನಿಯಮ. ನಿಯಮವೇನೋ ಚೆನ್ನಾಗಿದೆ. ಆದರೆ ಈ ಸಲ ಸೀಸೆ ನನ್ನ ಮೇಜಿಗೆ ಬರುವುದಕ್ಕೆ ಮೊದಲೇ ಅತ್ತಿಗೆಯ ಫೋನು ಬಂದಿತ್ತು.

“ಪುಟ್ಟೀ, ನಮ್ಮ ನರ್ಸರಿ ಹುಳ ನಿನ್ನ ಹತ್ರ ಬಂತಾ?”

ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕಾದ ವಯಸ್ಸು ನನ್ನದು. ಅತ್ತಿಗೆಗೆ ನಾನು ಈಗಲೂ ಪುಟ್ಟಿ. ಅವರು ಅಣ್ಣನನ್ನು ಮದುವೆಯಾಗಿ ಬಂದಾಗ ನಾನು ಎರಡು ಜಡೆ ಹಾಕಿಕೊಳ್ಳುತ್ತಿದ್ದೆ, ಆ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವರು ಅವರೇ. ಅಣ್ಣ, ಅತ್ತಿಗೆ ಇಬ್ಬರೂ ಸೇರಿ ಊರಿನ ಅಂಚಿನಲ್ಲಿ ಹಣ್ಣಿನ ಸಸಿಗಳ ನರ್ಸರಿ ನಡೆಸುತ್ತಿದ್ದರು. ಕಸಿ ಕಟ್ಟುವುದರಲ್ಲಿ ಅಣ್ಣನದು ಎತ್ತಿದ ಕೈ. ಮಕ್ಕಳಿಲ್ಲ. ಅದರ ಬಗ್ಗೆ ಯಾರಾದರೂ ಲೊಚಗುಟ್ಟಿದರೆ ಅತ್ತಿಗೆ ಸಸಿಗಳ ಸಾಲು ತೋರಿಸಿ, “ಇವಕ್ಕೆ ನೀರು ಹಾಕೋಕೇ ಪುರುಸೊತ್ತಿಲ್ಲ,” ಎನ್ನುತ್ತಿದ್ದರು.

ವಿಷಯ ಇಷ್ಟು. ಎಲ್ಲಿಂದಲೋ ಬಂದ ಒಂದು ಜಿಗಿಹುಳು ಸುತ್ತಮುತ್ತ ಹರಡುತ್ತಿತ್ತು. ನಮ್ಮ ಕಚೇರಿಯಲ್ಲಿ ಅದಕ್ಕೆ ‘ಹೊರಗಿನದು’ ಎಂದೇ ಹೆಸರು. ಅದು ಗಿಡದಿಂದ ಗಿಡಕ್ಕೆ ಒಂದು ರೋಗ ಹೊತ್ತು ತಿರುಗುತ್ತದೆ. ಎಲೆ ಅಂಚಿನಿಂದ ಒಣಗುತ್ತಾ ಬಂದು ಎರಡು ಮೂರು ವರ್ಷದಲ್ಲಿ ಇಡೀ ಮರವೇ ಸಾಯುತ್ತದೆ, ಮದ್ದಿಲ್ಲ. ಹಾಗಾಗಿ ಅದು ಒಂದು ನರ್ಸರಿಯಲ್ಲಿ ಸಿಕ್ಕಿತೆಂದರೆ ಬೇಲಿಯೊಳಗಿನ ಹಸಿರನ್ನೆಲ್ಲ ಕಿತ್ತು ಸುಟ್ಟು, ನೆಲಕ್ಕೆ ಔಷಧಿ ಹೊಡೆಯಬೇಕೆಂದು ಆದೇಶವಿತ್ತು. ಇನ್ಸ್‌ಪೆಕ್ಟರ್ ಒಬ್ಬ ಅಣ್ಣನ ನರ್ಸರಿಯಲ್ಲಿ ಬಲೆ ಬೀಸಿ ಹಿಡಿದ ಹುಳುಗಳು ನೋಡಲು ಥೇಟ್ ಅದರಂತೆಯೇ ಇದ್ದವು. ಆದರೆ ಈ ನೆಲದ್ದೇ ಆದ ಇನ್ನೊಂದು ಜಿಗಿಹುಳು ಇದೆ, ಅದೂ ಥೇಟ್ ಹಾಗೆಯೇ ಇರುತ್ತದೆ. ಅದರಿಂದ ಯಾವ ಗಿಡಕ್ಕೂ ತೊಂದರೆಯಿಲ್ಲ. ಅಣ್ಣ ಅತ್ತಿಗೆಯ ಜೀವಮಾನದ ದುಡಿಮೆ ಉಳಿಯುವುದೂ ಬೂದಿಯಾಗುವುದೂ ಇವೆರಡರಲ್ಲಿ ಯಾವುದು ಎಂಬುದರ ಮೇಲೆ ನಿಂತಿತ್ತು.

ನಾನು ನೇರ ನಿರ್ದೇಶಕರ ಕೋಣೆಗೆ ಹೋಗಿ, ಇದು ನಮ್ಮಣ್ಣನದು, ನಾನು ನೋಡುವುದು ಸರಿಯಲ್ಲ ಎಂದೆ.

“ನೀವು ನೋಡಲ್ಲ ಅಂದ್ರೆ ಇನ್ಯಾರು ನೋಡ್ತಾರೆ ಮೇಡಂ, ನಾನಾ?” ಎಂದರು ಅವರು. ಲೆಕ್ಕಪತ್ರ ವಿಭಾಗದಿಂದ ಬಡ್ತಿ ಪಡೆದು ಬಂದವರು. “ನನಗೆ ಸೊಳ್ಳೆ ಯಾವುದು ನೊಣ ಯಾವುದು ಅಂತ ಗೊತ್ತಾಗೋದು ಕಚ್ಚಿದ ಮೇಲೆ. ಸಂಬಂಧಿಕರದ್ದು ಅಂತ ಒಂದು ಸಾಲು ಬರೆದುಕೊಡಿ, ಫೈಲಲ್ಲಿ ಬಿದ್ದಿರಲಿ. ಸ್ಲೈಡ್ ಎತ್ತಿಡಿ, ಅನುಮಾನ ಇರೋರು ಬಂದು ನೋಡಿಕೊಳ್ಳಲಿ. ಬೇಗ ಮುಗಿಸಿ.”

ಸೀಸೆ ತೆರೆದು ನೋಡಿದರೆ ಎಲ್ಲವೂ ಹೆಣ್ಣು, ಜೊತೆಗೆ ಒಂದಿಷ್ಟು ಮರಿಗಳು. ಗಂಡು ಒಂದೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಎರಡು ಹುಳುಗಳ ಬಣ್ಣ ಒಂದೇ, ಅಳತೆ ಒಂದೇ, ನೆತ್ತಿಯ ಮೇಲಿನ ಕಪ್ಪು ಚುಕ್ಕೆಯೂ ಒಂದೇ. ವ್ಯತ್ಯಾಸ ಇರುವುದು ಗಂಡಿನಲ್ಲಿ ಮಾತ್ರ, ಅದೂ ಹೊಟ್ಟೆಯ ತುದಿಯೊಳಗೆ ಅಡಗಿರುವ ಅಂಗದಲ್ಲಿ. ಗಂಡುಹುಳುವಿನ ಹೊಟ್ಟೆಯನ್ನು ಬಿಡಿಸಿ, ಕ್ಷಾರದ ನೀರಿನಲ್ಲಿ ಕುದಿಸಿ, ಮಾಂಸವೆಲ್ಲ ಕರಗಿದ ಮೇಲೆ ಉಳಿಯುವ ಆ ಗಾಜಿನಂಥ ಅಂಗವನ್ನು ಗ್ಲಿಸರಿನ್ ಹನಿಯಲ್ಲಿಟ್ಟು ನೋಡಬೇಕು. ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಪುಟ್ಟ ಮುಳ್ಳಿದ್ದರೆ ನಮ್ಮದು. ಮುಳ್ಳಿಲ್ಲದೆ ನುಣ್ಣಗಿದ್ದರೆ ಹೊರಗಿನದು. ಹೆಣ್ಣನ್ನು ಎಷ್ಟು ಕುದಿಸಿದರೂ ಉಪಯೋಗವಿಲ್ಲ. ವಾರದೊಳಗೆ ಗುರುತು ಸಿಗದಿದ್ದರೆ ಹೊರಗಿನದೆಂದೇ ತಿಳಿದು ಸುಡಬೇಕು ಎಂಬ ಇನ್ನೊಂದು ನಿಯಮವೂ ಇತ್ತು. ಹಾಗಾಗಿ ನಾನೇ ಹೋಗಿ ಗಂಡು ಹುಡುಕುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ನರ್ಸರಿಯ ಗೇಟಿಗೆ ಹಳದಿ ಪಟ್ಟಿ ಕಟ್ಟಿದ್ದರು. ಒಳಗಿನ ಒಂದು ಸಸಿಯೂ ಹೊರಗೆ ಹೋಗುವಂತಿರಲಿಲ್ಲ, ಹೊಸದಾಗಿ ಕಸಿ ಕಟ್ಟುವಂತೆಯೂ ಇರಲಿಲ್ಲ. ಅಣ್ಣ ಶೆಡ್ಡಿನ ಬಾಗಿಲಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ. ಅವನ ಕೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಏನು ಮಾಡುವುದೆಂದು ತೋಚದೆ ಅವನು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ.

“ಬಂದ್ಯಾ,” ಎಂದ. ಅಣ್ಣ ಅಷ್ಟೇ ಮಾತಾಡುವುದು. ಅವನ ಪಾಲಿನ ಮಾತನ್ನೂ ಅತ್ತಿಗೆಯೇ ಆಡಿ ಮುಗಿಸುತ್ತಾರೆ.

ಅತ್ತಿಗೆ ನನ್ನ ಹಿಂದೆಯೇ ಬಂದರು. ನನ್ನ ಹತ್ತಿರ ಇದ್ದದ್ದು ಎರಡು ಕೊಳವೆ ಸಿಕ್ಕಿಸಿದ ಒಂದು ಸೀಸೆ. ಒಂದು ಕೊಳವೆಯನ್ನು ಬಾಯಲ್ಲಿಟ್ಟು ಜೋರಾಗಿ ಉಸಿರೆಳೆದರೆ, ಇನ್ನೊಂದರ ಮುಂದೆ ಕೂತ ಹುಳು ಸೀಸೆಯೊಳಗೆ ಬಂದು ಬೀಳುತ್ತದೆ. ಬಾಯಿಗೆ ಬಾರದಂತೆ ನಡುವೆ ಬಟ್ಟೆ ಕಟ್ಟಿರುತ್ತೇವೆ. ಧೂಳು ಮಾತ್ರ ಬಂದೇ ಬರುತ್ತದೆ.

“ಗಂಡೇ ಬೇಕಾ ನಿನಗೆ?” ಎಂದು ಅತ್ತಿಗೆ ಕೇಳಿದರು.

“ಗಂಡೇ ಬೇಕು.”

“ಹೆಣ್ಣು ನೋಡಿದ್ರೆ ಗೊತ್ತಾಗಲ್ವಾ?”

“ಇಲ್ಲ ಅತ್ತಿಗೆ. ಹೆಣ್ಣೆಲ್ಲಾ ಒಂದೇ ಥರ ಇರುತ್ತೆ.”

“ಇದನ್ನ ಹೇಳಿದೋನು ಯಾವನೋ ಗಂಡಸೇ ಇರಬೇಕು,” ಎಂದರು. ಆ ಸಂಕಟದಲ್ಲೂ ನನಗೆ ನಗು ಬಂತು. “ಮತ್ತೆ ಗಂಡುಗಳೆಲ್ಲ ಎಲ್ಲಿ ಹಾಳಾಗಿ ಹೋದವು?”

“ಈ ಕಾಲಕ್ಕೆ ಬಹಳಷ್ಟು ಸತ್ತಿರುತ್ತವೆ. ಅವುಗಳ ಕೆಲಸ ಬೇಗ ಮುಗಿಯುತ್ತೆ.”

ಅತ್ತಿಗೆ ಶೆಡ್ಡಿನ ಕಡೆ ಒಮ್ಮೆ ತಿರುಗಿ ನೋಡಿದರು.

ಇನ್ಸ್‌ಪೆಕ್ಟರ್ ಎಲ್ಲೆಲ್ಲಿ ಬಲೆ ಬೀಸಿದ ಎಂದು ಕೇಳಿದೆ. ಗೇಟಿನಿಂದ ಶೆಡ್ಡಿನವರೆಗೆ ಇಟ್ಟಿಗೆ ಹಾಸಿದ ದಾರಿಯಿದೆ, ಅದರ ಎರಡೂ ಬದಿಗೆ ಸಸಿಗಳ ಸಾಲು. ಅವನು ದಾರಿಯುದ್ದಕ್ಕೂ ಅತ್ತ ಒಮ್ಮೆ ಇತ್ತ ಒಮ್ಮೆ ಬಲೆ ಆಡಿಸುತ್ತಾ ಬಂದನಂತೆ. ಅಂದರೆ ದಾರಿಯ ಹುಲ್ಲಿಗೂ ಬಡಿದಿರಬೇಕು, ಸಸಿಗೂ ಬಡಿದಿರಬೇಕು. ಎಲ್ಲವನ್ನೂ ಒಂದೇ ಸೀಸೆಗೆ ಸುರಿದು, ಮೇಲೆ ‘ಸಸಿಯಿಂದ’ ಎಂದು ಬರೆದು ಕಳಿಸಿದ್ದ. ನನಗೆ ಮೈ ಉರಿದುಹೋಯಿತು. ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠವೇ ಒಂದು ಗಿಡಕ್ಕೆ ಒಂದು ಸೀಸೆ ಎಂದು.

ಆ ಇಟ್ಟಿಗೆಗಳ ಸಂದಿನಲ್ಲಿ ಒಂದು ಜಾತಿಯ ಸಣ್ಣ ಎಲೆಯ ಹುಲ್ಲು ದಟ್ಟವಾಗಿ ಬೆಳೆದಿತ್ತು. ನರ್ಸರಿ ಬರುವ ಮೊದಲು ಅಲ್ಲೆಲ್ಲ ಹುಲ್ಲುಗಾವಲಿತ್ತು. ಮೇಲೆ ಇಟ್ಟಿಗೆ ಹಾಸಿದರೂ ಬೇರು ಸಾಯದೆ ಸಂದಿನಿಂದ ತಲೆ ಎತ್ತಿತ್ತು. ಕಿತ್ತುಹಾಕಬೇಕೆಂದು ಅಣ್ಣ, ಬರಿಗಾಲಿಗೆ ಮೆತ್ತಗಿರುತ್ತದೆ ಇರಲಿ ಎಂದು ಅತ್ತಿಗೆ, ಇದೊಂದು ಜಗಳ ಅವರ ಮದುವೆಯಷ್ಟೇ ಹಳೆಯದು. ಕೊನೆಗೆ ಅತ್ತಿಗೆ ಆಗಾಗ ಕುಡುಗೋಲಿನಿಂದ ಮೇಲೆಮೇಲೆ ಸವರುವುದೆಂದು ರಾಜಿಯಾಗಿತ್ತು. ನಾನು ಮಂಡಿಯೂರಿ ಕೂತು, ಹುಲ್ಲಿನ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿದೆ.

ಅಲ್ಲಿದ್ದವು. ಬುಡದಲ್ಲಿ, ಮಣ್ಣಿಗೆ ತಾಗಿದಂತೆ, ಒಂದೊಂದು ಸಂದಿನಲ್ಲೂ. ಮುಟ್ಟಿದರೆ ಒಂದು ಗೇಣು ನೆಗೆದು ಮತ್ತೆ ಅದೇ ಹುಲ್ಲಿಗೆ ಬರುತ್ತಿದ್ದವು. ಪಕ್ಕದಲ್ಲೇ ಇಷ್ಟೆತ್ತರ ಸಸಿಗಳಿದ್ದರೂ ಒಂದೂ ಅತ್ತ ತಿರುಗಲಿಲ್ಲ. ರೆಕ್ಕೆಯಿದೆ, ಹಾರಲು ಮನಸ್ಸಿಲ್ಲ. ಇವು ನಮ್ಮವೇ ಇರಬಹುದೇ ಎನ್ನಿಸಿತು. ಈ ನೆಲದ ಜಿಗಿಹುಳುವನ್ನು ನಾನು ನೋಡಿದ್ದು ಪೆಟ್ಟಿಗೆಯಲ್ಲಿ ಮಾತ್ರ, ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಹಿಡಿದು ಚುಚ್ಚಿಟ್ಟಿದ್ದವು. ಆಮೇಲೆ ಯಾರಿಗೂ ಸಿಕ್ಕಿರಲಿಲ್ಲ. ಎಲ್ಲರೂ ಪೊದೆಗಳಲ್ಲಿ, ಎತ್ತರದ ಹುಲ್ಲಿನ ತಲೆಯಲ್ಲಿ ಬಲೆ ಬೀಸಿ ಹುಡುಕಿ, ಇನ್ನಿಲ್ಲ ಎಂದು ಕೈಬಿಟ್ಟಿದ್ದರು. ಅದು ಇಲ್ಲಿ, ನಾವು ಹಬ್ಬಕ್ಕೂ ಹುಣ್ಣಿಮೆಗೂ ಬಂದಾಗಲೆಲ್ಲ ತುಳಿದುಕೊಂಡು ಓಡಾಡಿದ ದಾರಿಯಲ್ಲೇ ಸಂಸಾರ ಹೂಡಿತ್ತೇನೋ.

ಹುಲ್ಲಿನದಕ್ಕೆ ಒಂದು ಸೀಸೆ ಮಾಡಿದೆ. ಆಮೇಲೆ ಸಸಿಗಳ ಎಲೆ ಮಗುಚಿ ನೋಡುತ್ತಾ ಹೋದೆ. ಅಲ್ಲೂ ಕೆಲವು ಸಿಕ್ಕವು. ಅವನ್ನು ಬೇರೆ ಸೀಸೆಗೆ ಹಾಕಿದೆ. ಆಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ, ದಾರಿ ತಪ್ಪಿ ಹತ್ತಿದವಿರಬೇಕು ಎಂದುಕೊಂಡೆ. ಎದ್ದು ನಿಲ್ಲಲು ಅತ್ತಿಗೆ ಕೈಕೊಡಬೇಕಾಯಿತು. ನನ್ನ ಮಂಡಿಯ ಮಣ್ಣನ್ನು ಅವರು ತಮ್ಮ ಸೆರಗಿನಿಂದ ಒರೆಸಿದರು.

ಮಧ್ಯಾಹ್ನವೇ ಕಚೇರಿಗೆ ಹೋಗಿ ಹುಲ್ಲಿನ ಸೀಸೆ ತೆರೆದೆ. ನನ್ನ ಪುಣ್ಯ, ಮೂರ್ನಾಲ್ಕು ಗಂಡುಗಳಿದ್ದವು. ಹೊಟ್ಟೆ ಬಿಡಿಸಿ, ಕುದಿಸಿ, ತೊಳೆದು, ಗ್ಲಿಸರಿನ್‌ನಲ್ಲಿಟ್ಟು ಮೈಕ್ರೋಸ್ಕೋಪಿಗೆ ಎಡಗಣ್ಣು ಹಚ್ಚಿದೆ. ಸೂಜಿಯಿಂದ ಮೆಲ್ಲಗೆ ಪಕ್ಕಕ್ಕೆ ಉರುಳಿಸಿದಾಗ ಮುಳ್ಳು ಕಂಡಿತು. ಹಿಂದಕ್ಕೆ ಬಾಗಿತ್ತು. ಮುಂದಿನದರಲ್ಲೂ ಇತ್ತು, ಅದರ ಮುಂದಿನದರಲ್ಲೂ ಇತ್ತು. ನಾನು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ನೋಡಿದೆ. ಎಷ್ಟೋ ವರ್ಷದ ಮೇಲೆ ಈ ಕೆಲಸ ಮಾಡುತ್ತಿರುವುದಕ್ಕೆ ನನಗೆ ಸಂತೋಷವಾಯಿತು.

ಸಸಿಯ ಸೀಸೆಯಲ್ಲೂ ಒಂದು ಗಂಡಿತ್ತು. ಹೆಣ್ಣುಗಳ ಅಡಿಯಲ್ಲಿ ಮಲಗಿತ್ತು, ಕಾಣಿಸಿತು. ಆದರೆ ಕಣ್ಣು ಆಗಲೇ ನೀರಾಡುತ್ತಿತ್ತು. ನಾಳೆ ನೋಡಿದರಾಯಿತು ಎಂದು ಮುಚ್ಚಳ ಹಾಕಿದೆ. ಹಾಕಿ, ಅತ್ತಿಗೆಗೆ ಫೋನ್ ಮಾಡಿದೆ.

“ನಮ್ಮದೇ ಅತ್ತಿಗೆ,” ಎಂದೆ. “ಈ ನೆಲದ್ದೇ.”

ಅತ್ತಿಗೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. “ನೀನು ಚೆನ್ನಾಗಿರು ತಾಯಿ,” ಎಂದರು. “ತಗೋ, ನಿಮ್ಮಣ್ಣ ಏನೋ ಕೇಳಬೇಕಂತೆ.”

“ಹಾಗಾದ್ರೆ ಕಸಿ ಚಾಕು ತೆಗೀಲಾ?” ಎಂದು ಅಣ್ಣ ಕೇಳಿದ.

“ತೆಗಿ,” ಎಂದೆ.

ಬೆಳಗ್ಗೆ ಸಸಿಯ ಸೀಸೆಯ ಗಂಡನ್ನು ಕುದಿಸಲು ಇಟ್ಟಾಗ ನಾನು ಏನೋ ಹಾಡು ಗುನುಗುತ್ತಿದ್ದೆ. ಮೈಕ್ರೋಸ್ಕೋಪಿನಡಿ ಇಟ್ಟು ಉರುಳಿಸಿದೆ. ಮುಳ್ಳು ಕಾಣಲಿಲ್ಲ. ಇನ್ನೊಂದು ಪಕ್ಕಕ್ಕೆ ಉರುಳಿಸಿದೆ. ಗ್ಲಿಸರಿನ್ ಬದಲಿಸಿ, ದೀಪ ಹತ್ತಿರ ತಂದು ನೋಡಿದೆ. ಕುದಿಸುವಾಗ ಮುರಿದಿರಬಹುದೆಂದು ಮುರಿದ ಗುರುತು ಹುಡುಕಿದೆ. ಮುರಿದಿದ್ದರೆ ಒಂದು ತರಚಿದ ಕಲೆಯಾದರೂ ಇರಬೇಕಿತ್ತು, ಅದೂ ಇರಲಿಲ್ಲ. ತುದಿ ನುಣ್ಣಗಿತ್ತು. ನಿನ್ನೆಯ ಸ್ಲೈಡನ್ನು ಪಕ್ಕದಲ್ಲಿಟ್ಟು ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದೆ. ನಿನ್ನೆಯದರಲ್ಲಿ ಮುಳ್ಳು ಹಾಗೇ ಇತ್ತು, ಆದ್ದರಿಂದ ಕಣ್ಣಿನ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ.

ಎರಡೂ ಇದ್ದವು. ದಾರಿಯಲ್ಲಿ ನಮ್ಮದು, ಸಸಿಯ ಮೇಲೆ ಹೊರಗಿನದು. ಇನ್ಸ್‌ಪೆಕ್ಟರ್ ಒಂದೇ ಸೀಸೆಗೆ ಸುರಿದದ್ದಕ್ಕೆ ಹಲ್ಲು ಕಡಿದ ನಾನು, ಬೇರೆ ಬೇರೆ ಸೀಸೆ ಮಾಡಿಯೂ ಒಂದನ್ನು ಮಾತ್ರ ನೋಡಿ ಎರಡಕ್ಕೂ ಮಾತು ಕೊಟ್ಟಿದ್ದೆ.

ಆ ಹುಳುವನ್ನು ಚೆಲ್ಲಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಿಂಕು ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ಹುಲ್ಲಿನ ಸ್ಲೈಡ್‌ಗಳನ್ನು ಕೊಟ್ಟು ‘ಈ ನೆಲದ್ದು’ ಎಂದು ಬರೆದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಒಳ್ಳೆಯವಳೆಂದು ಹೇಳಿಕೊಳ್ಳುತ್ತಿಲ್ಲ, ಎಷ್ಟೋ ಹೊತ್ತು ಕುರ್ಚಿಯಿಂದ ಏಳದೆ ಅದನ್ನೇ ಯೋಚಿಸಿದೆ. ಅಣ್ಣನ ಸಸಿ ಕೊಂಡು ಹೋಗಿ ನೆಟ್ಟವರ ತೋಟಗಳು ಕಣ್ಣ ಮುಂದೆ ಬಂದವು. ಅವರು ಯಾರೋ ಏನೋ, ನನಗೇನಾಗಬೇಕು ಎಂದುಕೊಂಡೂ ನೋಡಿದೆ. ಆದರೆ ಇಷ್ಟು ವರ್ಷ ಕತ್ತು ಬಗ್ಗಿಸಿ ನೋಡಿದ್ದು, ಇದ್ದದ್ದನ್ನು ಇದೆ ಎಂದು ಹೇಳುವುದಕ್ಕೆ. ಆ ಕೆಲಸವೊಂದನ್ನು ಬಿಟ್ಟರೆ ನನ್ನಲ್ಲಿ ಬೇರೆ ಏನಿದೆ? ವರದಿ ಬರೆದು, ರುಜು ಹಾಕಿ, ನಿರ್ದೇಶಕರ ಮುಂದಿಟ್ಟೆ.

“ಹುಲ್ಲಿನದು ಇದೆಯಲ್ಲ ಸಾರ್,” ಎಂದೆ. “ಅದು ಬೇರೆಲ್ಲೂ ಉಳಿದಿರೋದು ಗೊತ್ತಿಲ್ಲ. ಸಸಿ ಸುಡಲಿ. ಆ ಇಟ್ಟಿಗೆ ದಾರಿ ಒಂದನ್ನ ಬಿಡೋ ಹಾಗೆ ಬರೀಬಹುದಾ?”

ಅವರು ಕನ್ನಡಕ ತೆಗೆದರು. “ಹೊರಗಿನದು ಹುಲ್ಲಿಗೆ ಇಳಿಯೋದೇ ಇಲ್ಲ ಅಂತ ಬರೆದುಕೊಡ್ತೀರಾ?”

ಸಸಿ ಕಿತ್ತರೆ ಅದು ಹುಲ್ಲಿಗೆ ಇಳಿಯುತ್ತದೆ, ಬೇರೆ ಗಿಡ ಸಿಗುವ ತನಕ ಅಲ್ಲೇ ಅಡಗಿ ಕೂರುತ್ತದೆ. ನನಗೆ ಗೊತ್ತಿತ್ತು. “ಇಲ್ಲ,” ಎಂದೆ.

“ಮತ್ತೆ?” ಎಂದು ಅವರು ಕನ್ನಡಕ ಹಾಕಿಕೊಂಡರು. ಪಾಪ, ಅವರ ದನಿಯಲ್ಲಿ ಗಡಸು ಇರಲಿಲ್ಲ.

ಆದೇಶ ತಲುಪುವ ಮೊದಲು ನಾನೇ ಹೇಳಬೇಕೆಂದು ನರ್ಸರಿಗೆ ಹೋದೆ. ಅಣ್ಣ ಶೆಡ್ಡಿನಲ್ಲಿ ಕಸಿ ಕಟ್ಟುತ್ತಿದ್ದ. ನನ್ನ ಫೋನು ಬಂದಾಗಿನಿಂದ ಕೂತ ಜಾಗ ಬಿಟ್ಟು ಎದ್ದಿಲ್ಲ ಎಂದರು ಅತ್ತಿಗೆ. ಬೆಂಚಿನ ತುಂಬ ಪಟ್ಟಿ ಸುತ್ತಿದ ಹೊಸ ಕಸಿಗಳು. ಅತ್ತಿಗೆ ಚಹಾ ಸೋಸಿ ನನ್ನ ಕೈಗೆ ಲೋಟ ಕೊಟ್ಟರು. ಲೋಟ ಕೆಳಗಿಟ್ಟು ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ಶಕ್ತಿಯಿರಲಿಲ್ಲ.

“ನಿನ್ನೆ ನಮ್ಮದು ಅಂದೆ,” ಎಂದರು ಅತ್ತಿಗೆ.

“ಅದೂ ಇದೆ. ಇದೂ ಇದೆ. ಎರಡನೇ ಸೀಸೆ ನೋಡದೇ ಹೇಳಿಬಿಟ್ಟೆ.”

“ನಿನ್ನ ಕಣ್ಣು ಸರಿ ಇಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ. ಬೇರೆ ಯಾರಿಗಾದ್ರೂ ತೋರಿಸು.”

“ಯಾರಿಗೆ ತೋರಿಸಿದರೂ ಅಷ್ಟೇ ಅತ್ತಿಗೆ. ಸರಿಯಾಗೇ ಕಾಣಿಸಿತು.”

“ಎಷ್ಟು ಹುಳ ಸಿಕ್ಕಿತು ಸಸಿಯಲ್ಲಿ?”

“ಗಂಡು ಒಂದು.”

“ಒಂದು,” ಎಂದರು ಅವರು. “ಒಂದೇ ಒಂದು ಹುಳ. ಅದು ಕಾಣಿಸಲಿಲ್ಲ ಅಂದಿದ್ರೆ ಏನಾಗ್ತಿತ್ತು ಪುಟ್ಟಿ? ನಿನಗೆ ಜಡೆ ಹಾಕಿದ ಕೈಗೆ ಅಷ್ಟೂ ಮಾಡೋಕೆ ಆಗಲಿಲ್ವಾ?”

ಅಣ್ಣ ಅಷ್ಟೂ ಹೊತ್ತು ತಲೆ ಎತ್ತಿರಲಿಲ್ಲ. ಆಗತಾನೇ ಸುತ್ತಿದ್ದ ಪಟ್ಟಿಯ ತುದಿ ಹುಡುಕಿ, ಅದನ್ನು ಬಿಚ್ಚಿ, ನೀಟಾಗಿ ಸುರುಳಿ ಸುತ್ತಿ ಡಬ್ಬಿಯಲ್ಲಿ ಹಾಕಿದ. ಆಮೇಲೆ ಪಕ್ಕದ್ದನ್ನು ಎತ್ತಿಕೊಂಡ. ಸುಡುವ ಗಿಡದ ಪಟ್ಟಿ ಬಿಚ್ಚುವುದೇಕೆಂದು ಅವನನ್ನು ಕೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ನಾನು ಹೊರಟಾಗ ಅತ್ತಿಗೆ ಗೇಟಿನ ತನಕ ಬರಲಿಲ್ಲ. ಅದು ಅದೇ ಮೊದಲು.

ಸುಡುವ ದಿನ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಯಾಕೆ ಹೋದೆನೆಂದು ದಾರಿಯಲ್ಲಿ ನನ್ನನ್ನೇ ಕೇಳಿಕೊಂಡು, ಅವರ ಜೊತೆ ನಿಲ್ಲಬೇಕು ಅದಕ್ಕೆ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಚೀಲದಲ್ಲಿ ಸ್ಪಿರಿಟ್ ಸೀಸೆಗಳಿದ್ದವು, ಹುಳು ಎಳೆಯುವ ಕೊಳವೆಯೂ ಇತ್ತು.

ಸಸಿಗಳನ್ನು ಆಗಲೇ ಕಿತ್ತು ನಡುವೆ ರಾಶಿ ಹಾಕಿದ್ದರು. ಬೇರಿನ ಮಣ್ಣು ಇನ್ನೂ ಹಸಿಯಾಗಿತ್ತು. ಬಿಳಿ ಅಂಗಿ ತೊಟ್ಟು ಮುಖಕ್ಕೆ ಬಟ್ಟೆ ಕಟ್ಟಿಕೊಂಡವನೊಬ್ಬ ಪಂಪಿಗೆ ಔಷಧಿ ಬೆರೆಸುತ್ತಿದ್ದ. ಅಣ್ಣ ಕಾಣಿಸಲಿಲ್ಲ. ನಾನು ದಾರಿಯ ಮೇಲೆ ಮಂಡಿಯೂರಿ, ಸಂದಿನ ಹುಲ್ಲು ಬಿಡಿಸುತ್ತಾ ಸಿಕ್ಕಷ್ಟನ್ನು ಎಳೆದು ಸ್ಪಿರಿಟ್ಟಿಗೆ ಹಾಕತೊಡಗಿದೆ. ಸ್ಪಿರಿಟ್ಟಿಗೆ ಬಿದ್ದವು ಒಮ್ಮೆ ಕಾಲು ಝಾಡಿಸಿ ಸುಮ್ಮನಾಗುತ್ತಿದ್ದವು. ಕಣ್ಣು ಮಂಜಾಗುತ್ತಿತ್ತು, ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದೆ.

ಮುಂದೆ ಎರಡು ಪಾದ ಬಂದು ನಿಂತವು. ಅತ್ತಿಗೆಯ ಬರಿಗಾಲು.

“ಹುಳಕ್ಕೆ ಬಂದ್ಯಾ?” ಎಂದರು.

ಇಲ್ಲ ಎನ್ನಬೇಕೆಂದಿದ್ದೆ. “ಹೂಂ,” ಎಂದೆ.

ಅತ್ತಿಗೆ ಕೂತರು. ಅವರ ಕಣ್ಣುಗಳು ಊದಿದ್ದವು, ಮಾತು ಮಾತ್ರ ಸಮನಾಗಿತ್ತು. “ಇದೇನಾ ಅದು, ನಮ್ಮದು ಅಂದಿದ್ದು?”

“ಇದೇ.”

“ಇಷ್ಟೇ ಇಷ್ಟಿದೆ.” ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಸಾಯಿಸಿ ಇಟ್ಟುಕೊಂಡು ಏನು ಮಾಡ್ತೀಯ?”

“ಇಲ್ಲಿತ್ತು ಅಂತ ಬರೆದಿಡ್ತೀನಿ.”

ಅವರು ಎದ್ದುಹೋದರು. ಸಿಟ್ಟಾಗಿ ಹೋದರೇನೋ ಎಂದುಕೊಂಡೆ. ಆದರೆ ಕಳೆ ತೆಗೆಯುವ ಕುರ್ಪಿ ಹಿಡಿದು ವಾಪಸು ಬಂದು, ದಾರಿಯ ಅಂಚಿನ ಎರಡು ಇಟ್ಟಿಗೆ ಎಬ್ಬಿಸಿ, ಒಂದು ಹಿಡಿ ಹುಲ್ಲನ್ನು ಮಣ್ಣುಹೆಂಟೆಯ ಸಮೇತ ಎತ್ತಿದರು. ಒಂದು ಬೇರೂ ಕಡಿಯಲಿಲ್ಲ. ಬುಡದಿಂದ ಒಂದೆರಡು ಹುಳು ನೆಗೆದು ಮತ್ತೆ ಅದೇ ಹುಲ್ಲಿನ ಮೇಲೆ ಕೂತವು. ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

“ತಗೊಂಡು ಹೋಗು. ಜೀವ ಇರೋದನ್ನೇ ತಗೊಂಡು ಹೋಗು. ಚೀಲದಲ್ಲಿಟ್ಟುಕೋ, ನಾನು ಅಡ್ಡ ನಿಲ್ತೀನಿ, ಯಾರೂ ನೋಡಲ್ಲ. ನಮ್ಮದಂತೂ ಹೋಯ್ತು. ನಿನ್ನದಾದ್ರೂ ಉಳೀಲಿ.”

ಅವರು ಕೋಪದಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನಿಜವಾಗಿಯೂ ಕೊಡುತ್ತಿದ್ದರು. ನನ್ನ ಕೈ ಮುಂದೆ ಹೋಯಿತು, ಹೆಂಟೆಯ ತಂಪು ಬೆರಳಿಗೆ ತಾಗಿತು. ಆ ಹುಲ್ಲಿನಲ್ಲಿ ಕೂತ ಎರಡರಲ್ಲಿ ನಮ್ಮದು ಯಾವುದು, ಹೊರಗಿನದು ಯಾವುದು ಎಂದು ನೋಡಿದರೆ ಹೇಳಲಾಗುವುದಿಲ್ಲ. ಸಸಿಗಳನ್ನು ಬೆಳಗ್ಗೆಯೇ ಕಿತ್ತಿದ್ದರು. ಸಾಯಿಸಿ, ಕುದಿಸಿ ನೋಡದೆ ಯಾರಿಗೂ ಹೇಳಲಾಗುವುದಿಲ್ಲ.

“ಬೇಡ ಅತ್ತಿಗೆ,” ಎಂದೆ. “ಇದರಲ್ಲಿ ಅದೂ ಇರಬಹುದು. ಇಲ್ಲಿಂದ ಮಣ್ಣೂ ಹೊರಗೆ ಹೋಗೋ ಹಾಗಿಲ್ಲ.”

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಇವಳು ಯಾವ ಮಣ್ಣಿನಿಂದ ಆದವಳು ಎಂಬಂತೆ ನೋಡಿದರು. ಆಮೇಲೆ ಆ ನೋಟ ಸಡಿಲವಾಯಿತು. ಇಷ್ಟು ದಿನದಲ್ಲಿ ಮೊದಲ ಸಲ, ನಾನು ನನಗಾಗಿಯೂ ಏನನ್ನೂ ಉಳಿಸಿಕೊಳ್ಳುತ್ತಿಲ್ಲವೆಂದು ಅವರಿಗೆ ಅನ್ನಿಸಿರಬೇಕು.

“ನಿನಗೂ ಇಲ್ಲ ಹಾಗಾದ್ರೆ,” ಎಂದರು.

“ಇಲ್ಲ.”

ಅವರು ಹುಲ್ಲನ್ನು ಎತ್ತಿಕೊಂಡು ರಾಶಿಯ ಹತ್ತಿರ ಹೋದರು. ಎಸೆಯಲಿಲ್ಲ. ಬಗ್ಗಿ, ಕಿತ್ತ ಸಸಿಗಳ ನಡುವೆ ಬೇರು ಕೆಳಗೆ ಬರುವಂತೆ ನೆಟ್ಟಗೆ ಇಟ್ಟು, ಬುಡದ ಮಣ್ಣನ್ನು ಸುತ್ತಲೂ ಹೆಬ್ಬೆರಳಿನಿಂದ ಒತ್ತಿ ಭದ್ರ ಮಾಡಿದರು. ನಾಲ್ಕನೆಯ ಸಲವೋ ಐದನೆಯ ಸಲವೋ ಒತ್ತುವಾಗ ತಾವು ಏನು ಮಾಡುತ್ತಿದ್ದೇವೆಂದು ಅವರಿಗೇ ತಿಳಿದು, ಕೈ ಅಲ್ಲೇ ನಿಂತಿತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬಿಳಿ ಅಂಗಿಯವನು, ದೂರ ಸರಿಯಿರಿ ಅಮ್ಮಾ, ಎಂದು ಎರಡು ಸಲ ಹೇಳಿದ.